ಹೊಗೆ ಬಿಟ್ಟವರೆಷ್ಟು? ವೇಪಿಂಗ್ ಮತ್ತು ಧೂಮಪಾನದ ಲೆಕ್ಕ

ವೇಪಿಂಗ್, ಅಂದರೆ ವೇಪ್ ಅಥವಾ ಇ-ಸಿಗರೇಟು ಎಂಬ ಬ್ಯಾಟರಿ ಸಾಧನದಿಂದ ನಿಕೋಟಿನ್ ಆವಿ ಸೇದುವುದು, ಒಳ್ಳೆಯದೋ ಕೆಟ್ಟದ್ದೋ? ಈ ವಿಷಯದ ಸಭೆಗಳಲ್ಲಿ ಮೊದಲು ಏಳುವ ಪ್ರಶ್ನೆ ಇದು. ಆದರೆ ಈ ಪ್ರಶ್ನೆ ಅರ್ಧಕ್ಕೇ ನಿಂತಿದೆ. ಯಾರಿಗೆ, ಯಾವುದರ ಬದಲಿಗೆ ಎಂದು ಸೇರಿಸಿದ ಮೇಲಷ್ಟೇ ಉತ್ತರ ಹುಡುಕಲು ಸಾಧ್ಯ. ಇಪ್ಪತ್ತೈದು ವರ್ಷದಿಂದ ದಿನಕ್ಕೆ 20 ಸಿಗರೇಟು ಸೇದುತ್ತಿರುವ 45ರ ವ್ಯಕ್ತಿ ಅದನ್ನು ಪೂರ್ತಿ ಬಿಟ್ಟು ವೇಪ್ ಹಿಡಿದರೆ ಅವರ ಲೆಕ್ಕ ಒಂದು. ಸಿಗರೇಟನ್ನು ಎಂದೂ ಮುಟ್ಟದ 15ರ ಹುಡುಗಿ ವೇಪ್ ಹಿಡಿದರೆ ಆಕೆಯ ಲೆಕ್ಕವೇ ಬೇರೆ. ಸಾರ್ವಜನಿಕ ಆರೋಗ್ಯ ಎಂದರೆ ಈ ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದು ಕೂಡಿ ಕಳೆಯುವುದು. ಎಷ್ಟು ಜನ ವೇಪ್ ಸೇದುತ್ತಿದ್ದಾರೆ ಎಂಬ ಸಂಖ್ಯೆಯೊಂದರಿಂದ ಹೆಚ್ಚೇನೂ ತಿಳಿಯದು. ಎಷ್ಟು ಜನ ಸಿಗರೇಟು ಹಚ್ಚುವುದನ್ನು ನಿಲ್ಲಿಸಿದರು ಎಂಬುದನ್ನೇ ಮತ್ತೆ ಮತ್ತೆ ಕೇಳಬೇಕು.

ಮೊದಲು ಹೊಗೆಯ ವಿಚಾರ. ತಂಬಾಕು ಜಗತ್ತಿನಲ್ಲಿ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನರ ಪ್ರಾಣ ತೆಗೆಯುತ್ತದೆ. ಇದರಲ್ಲಿ ಬಹುಪಾಲು ಸಾವು ಉರಿಸಿ ಸೇದುವ ತಂಬಾಕಿನಿಂದ ಬರುವಂಥದ್ದು. ದಮ್ಮು ಎಳೆಯುವಾಗ ಸಿಗರೇಟಿನ ಕೆಂಡದ ಶಾಖ ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆ ಉರಿಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳು ಹುಟ್ಟುತ್ತವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದುಕೊಳ್ಳುತ್ತದೆ, ಟಾರ್ ಎಂದು ನಾವು ಕರೆಯುವ ಅಂಟು ಕಣಗಳು ಶ್ವಾಸಕೋಶದಲ್ಲಿ ಕೂರುತ್ತವೆ. ನಿಕೋಟಿನ್ ಮಾಡುವ ಕೆಲಸ ಬೇರೆ. ಅದು ಚಟ ಹತ್ತಿಸುತ್ತದೆ, ನಾಡಿಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ನಿಕೋಟಿನ್ ನಿರಪಾಯಕಾರಿ ಎಂದು ನಾವು ಹೇಳುತ್ತಿಲ್ಲ. ಆದರೆ ಧೂಮಪಾನಿಗಳ ಕ್ಯಾನ್ಸರಿಗೆ, ಉಬ್ಬಸಕ್ಕೆ ಮುಖ್ಯ ಕಾರಣ ಅದಲ್ಲ. ಲಂಡನ್ನಿನ ಮನೋವೈದ್ಯ ಮೈಕೆಲ್ ರಸೆಲ್ 1976ರಲ್ಲೇ ಇದನ್ನು ಒಂದು ಸಾಲಿನಲ್ಲಿ ಹೇಳಿದ್ದರು: ಜನ ಸೇದುವುದು ನಿಕೋಟಿನ್‌ಗಾಗಿ, ಸಾಯುವುದು ಟಾರ್‌ನಿಂದ. ಈ ಎರಡನ್ನೂ ಬೇರ್ಪಡಿಸಲು ಆದೀತೇ ಎಂಬ ಯೋಚನೆಯೇ ಇ-ಸಿಗರೇಟಿನ ಬೇರು.

ಉರಿಸದೆ ಸೇದುವ ಸಿಗರೇಟಿಗೆ ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ 1963ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರೂ ಅದು ಮಾರುಕಟ್ಟೆಗೆ ಬರಲಿಲ್ಲ. ಇಂದು ನಾವು ನೋಡುವ ರೂಪವನ್ನು 2003ರ ಸುಮಾರಿಗೆ ಕೊಟ್ಟವರು ಚೀನಾದ ಔಷಧತಜ್ಞ ಹಾನ್ ಲಿಕ್. ಒಳಗಿನ ಭಾಗಗಳು ಸರಳ: ಬ್ಯಾಟರಿ, ಲೋಹದ ತಂತಿಯ ಸುರುಳಿ ಅಂದರೆ ಕಾಯಿಲ್, ಅದನ್ನು ಸುತ್ತಿದ ಹತ್ತಿ, ದ್ರವ ತುಂಬುವ ಟ್ಯಾಂಕ್ ಅಥವಾ ಪಾಡ್. ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್ ಮತ್ತು ರುಚಿಯ ವಸ್ತುಗಳು ಇರುತ್ತವೆ. ಹತ್ತಿ ದ್ರವವನ್ನು ಹೀರುತ್ತದೆ, ಕಾಯಿಲ್ ಸುಮಾರು 200ರಿಂದ 250 ಡಿಗ್ರಿಗೆ ಕಾಯುತ್ತದೆ, ದ್ರವ ಆವಿಯಾಗಿ ಮತ್ತೆ ಸಣ್ಣ ಹನಿಗಳ ಮಂಜಾಗಿ ಬಾಯಿಗೆ ಬರುತ್ತದೆ. ಇಲ್ಲಿ ತಂಬಾಕಿನ ಎಲೆಯೂ ಇಲ್ಲ, ಉರಿಯೂ ಇಲ್ಲ. ಹಾಗಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಇಲ್ಲಿ ತಪ್ಪುವ ಜಾಗಗಳೂ ಇವೆ. ಹತ್ತಿ ಒಣಗಿದ್ದಾಗ ಕಾಯಿಲ್ ಕಾದರೆ ಶಾಖ ಮಿತಿಮೀರುತ್ತದೆ, ದ್ರವ ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲೀನ್‌ನಂಥ ವಿಷಗಳಾಗುತ್ತವೆ. ಇದನ್ನು ಒಣ ದಮ್ಮು ಎನ್ನಬಹುದು. ಸುಟ್ಟ ಕಹಿ ಗಂಟಲಿಗೆ ಹೊಡೆಯುವುದರಿಂದ ಬಳಸುವವರಿಗೆ ತಕ್ಷಣ ಗೊತ್ತಾಗುತ್ತದೆ, ಆ ದಮ್ಮನ್ನು ಅಲ್ಲೇ ಬಿಡಬೇಕು. ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದಿಲ್ಲ. ಸುರಕ್ಷಿತ ಎಂದುಕೊಂಡು ತೀರಾ ಕಡಿಮೆ ನಿಕೋಟಿನ್ ಇರುವ ದ್ರವವನ್ನು ಆರಿಸಿಕೊಂಡವರು, ದೇಹಕ್ಕೆ ಬೇಕಾದಷ್ಟು ಸಿಗುವ ತನಕ ಉದ್ದುದ್ದ ದಮ್ಮು ಎಳೆಯುತ್ತಾರೆ, ಹೆಚ್ಚು ದ್ರವ ಖರ್ಚು ಮಾಡುತ್ತಾರೆ. ಕೊನೆಗೆ ಒಳಗೆ ಹೋಗುವ ಕೆಟ್ಟ ವಸ್ತುವೇ ಹೆಚ್ಚಾಗುತ್ತದೆ.

ಹಾನಿ ಎಷ್ಟು ಕಡಿಮೆ? ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2015ರಲ್ಲಿ ಶೇ 95ರಷ್ಟು ಕಡಿಮೆ ಎಂದಿತು. ಅಲ್ಲಿನ ವೈದ್ಯರ ಸಂಘವಾದ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ, ದೀರ್ಘಕಾಲದ ಹಾನಿ ಸಿಗರೇಟಿನ ಶೇ 5ನ್ನು ದಾಟುವ ಸಂಭವ ಕಡಿಮೆ ಎಂದಿತು. ಇವು ಲಭ್ಯ ಮಾಹಿತಿಯ ಮೇಲೆ ತಜ್ಞರು ಮಾಡಿದ ಅಂದಾಜುಗಳು. ಮೂವತ್ತು ನಲವತ್ತು ವರ್ಷ ಜನರನ್ನು ಹಿಂಬಾಲಿಸಿ ಅಳೆದು ತೆಗೆದ ಸಂಖ್ಯೆಗಳಲ್ಲ. ಅಷ್ಟು ವಯಸ್ಸು ಈ ಸಾಧನಕ್ಕೇ ಇನ್ನೂ ಆಗಿಲ್ಲ. ಆದ್ದರಿಂದ 95 ಎಂಬ ಅಂಕಿಗೆ ಜೋತುಬೀಳುವುದಕ್ಕಿಂತ ದೇಹದಲ್ಲಿ ಅಳೆದದ್ದನ್ನು ನೋಡುವುದು ಲೇಸು. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನ ದೀರ್ಘಕಾಲದ ಬಳಕೆದಾರರ ಮೂತ್ರ ಮತ್ತು ಎಂಜಲನ್ನು ಪರೀಕ್ಷಿಸಿತು. ತಂಬಾಕಿಗೇ ವಿಶಿಷ್ಟವಾದ, ಶ್ವಾಸಕೋಶದ ಕ್ಯಾನ್ಸರಿಗೆ ನಂಟಿರುವ ನೈಟ್ರೋಸಮೀನ್‌ನ ಗುರುತು ಪೂರ್ತಿ ವೇಪಿಗೆ ಬಂದವರಲ್ಲಿ ಧೂಮಪಾನಿಗಳಿಗಿಂತ ಶೇ 97ರಷ್ಟು ಕಡಿಮೆ ಇತ್ತು. ಅದೇ ಅಧ್ಯಯನದ ಇನ್ನೊಂದು ಮಾತನ್ನು ಹಲವರು ಓದದೆ ಬಿಡುತ್ತಾರೆ: ಸಿಗರೇಟನ್ನೂ ವೇಪನ್ನೂ ಜೊತೆಜೊತೆಗೆ ಬಳಸುತ್ತಿದ್ದವರಲ್ಲಿ ಇಂಥ ಇಳಿಕೆ ಕಾಣಲಿಲ್ಲ.

ಜೋಡಿ ಬಳಕೆಯ ಬಗ್ಗೆ ಸ್ವಲ್ಪ ಹೊತ್ತು ನಿಲ್ಲಬೇಕು. ವೇಪಿಂಗ್‌ನ ಲಾಭವೆಲ್ಲ ಸೋರಿಹೋಗುವುದು ಇಲ್ಲೇ. ಮನೆಯಲ್ಲಿ ವೇಪ್, ಹೊರಗೆ ಸಿಗರೇಟು. ಇಪ್ಪತ್ತರ ಬದಲು ಐದಕ್ಕೆ ಇಳಿಸಿದ್ದೇನೆ ಎಂಬ ಸಮಾಧಾನ. ಹೃದಯ ಈ ಸಮಾಧಾನವನ್ನು ಒಪ್ಪುವುದಿಲ್ಲ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಬಂತು. ದಿನಕ್ಕೆ 20 ಸೇದುವವರಿಗೆ ಹೃದ್ರೋಗದ ಅಪಾಯ ಎಷ್ಟು ಹೆಚ್ಚುತ್ತದೋ ಅದರ ಸುಮಾರು ಅರ್ಧದಷ್ಟು, ದಿನಕ್ಕೆ ಒಂದೇ ಒಂದು ಸೇದುವವರಿಗೂ ಇರುತ್ತದೆ. ಇಪ್ಪತ್ತರಲ್ಲಿ ಒಂದು ಭಾಗವಲ್ಲ, ಅರ್ಧ. ಶ್ವಾಸಕೋಶದ ಕ್ಯಾನ್ಸರಿನಲ್ಲೂ ದಿನಕ್ಕೆ ಎಷ್ಟು ಎನ್ನುವುದಕ್ಕಿಂತ ಎಷ್ಟು ವರ್ಷ ಎನ್ನುವುದು ಹೆಚ್ಚು ತೂಗುತ್ತದೆ. ಪೂರ್ತಿ ಬಿಡುವ ಹಾದಿಯಲ್ಲಿ ಕೆಲವು ವಾರ ಎರಡೂ ಕೈಯಲ್ಲಿದ್ದರೆ ಪರವಾಗಿಲ್ಲ. ಅದೇ ವರ್ಷಗಟ್ಟಲೆಯ ರೂಢಿಯಾದರೆ ಆ ವ್ಯಕ್ತಿಯನ್ನು ನಮ್ಮ ಲೆಕ್ಕದಲ್ಲಿ ಧೂಮಪಾನಿ ಎಂದೇ ಬರೆದುಕೊಳ್ಳಬೇಕು.

ಹಾಗಾದರೆ ವೇಪ್ ಹಿಡಿದವರು ನಿಜಕ್ಕೂ ಸಿಗರೇಟು ಬಿಡುತ್ತಾರೆಯೇ? ಇದಕ್ಕೆ ಗಟ್ಟಿ ಉತ್ತರ ಕೊಡುವುದು ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪು ಮಾಡಿ ನಡೆಸುವ ಪ್ರಯೋಗ. ಇಂಗ್ಲೆಂಡಿನಲ್ಲಿ ಧೂಮಪಾನ ಬಿಡಲು ಸಹಾಯ ಕೇಳಿ ಬಂದ 886 ಜನರ ಮೇಲೆ ನಡೆದ ಇಂಥ ಪ್ರಯೋಗವೊಂದು 2019ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಇ-ಸಿಗರೇಟು, ಉಳಿದರ್ಧಕ್ಕೆ ಅವರಿಗೆ ಇಷ್ಟವಾದ, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ, ಅಗಿಯುವ ಗಮ್ ಮುಂತಾದವು. ಇಬ್ಬರಿಗೂ ಆಪ್ತಸಲಹೆ ಇತ್ತು. ಒಂದು ವರ್ಷದ ನಂತರ ಮೊದಲ ಗುಂಪಿನಲ್ಲಿ ಶೇ 18, ಎರಡನೆಯದರಲ್ಲಿ ಶೇ 9.9 ಜನ ಸಿಗರೇಟು ಬಿಟ್ಟಿದ್ದರು. ಬಾಯಿಮಾತು ನಂಬದೆ ಉಸಿರಿನ ಕಾರ್ಬನ್ ಮಾನಾಕ್ಸೈಡ್ ಅಳೆದು ಖಚಿತಪಡಿಸಿಕೊಂಡ ಸಂಖ್ಯೆಗಳಿವು. ವೇಪಿನಿಂದ ಈ ಅನಿಲ ಬರುವುದಿಲ್ಲವಾದ್ದರಿಂದ ಕದ್ದು ಸೇದಿದ ಸಿಗರೇಟು ಮೀಟರಿನಲ್ಲಿ ಸಿಕ್ಕಿಬೀಳುತ್ತದೆ. ಆದರೆ ವೇಪ್ ಹಿಡಿದು ಸಿಗರೇಟು ಬಿಟ್ಟವರಲ್ಲಿ ಶೇ 80 ಜನ ವರ್ಷದ ನಂತರವೂ ವೇಪ್ ಸೇದುತ್ತಲೇ ಇದ್ದರು. ಪಟ್ಟಿ, ಗಮ್ಮುಗಳಿಂದ ಬಿಟ್ಟವರಲ್ಲಿ ಅವನ್ನು ಮುಂದುವರಿಸಿದವರು ಶೇ 9 ಮಾತ್ರ. ಹೊಗೆ ಹೋಯಿತು, ನಿಕೋಟಿನ್ ಉಳಿಯಿತು. ಇದು ಸೋಲೋ ಗೆಲುವೋ ಎಂದು ಕೇಳಿದರೆ, ಮತ್ತೆ ಸಿಗರೇಟಿಗೆ ಮರಳುವುದಕ್ಕಿಂತ ಸಾವಿರ ಪಾಲು ಮೇಲು ಎನ್ನುವುದು ನಮ್ಮ ನಿಲುವು.

ಇಂಥ ಪ್ರಯೋಗಗಳನ್ನೆಲ್ಲ ಜರಡಿ ಹಿಡಿಯುವ ಕಾಕ್ರೇನ್ ವಿಮರ್ಶೆಯೂ ಇದೇ ದಿಕ್ಕಿಗೆ ಕೈತೋರುತ್ತದೆ. ಪಟ್ಟಿ, ಗಮ್ಮುಗಳಿಂದ ನೂರಕ್ಕೆ ಸುಮಾರು 6 ಜನ ಬಿಟ್ಟರೆ ನಿಕೋಟಿನ್ ಇರುವ ವೇಪಿನಿಂದ 8ರಿಂದ 11 ಜನ ಬಿಡುತ್ತಾರೆ. ಹೌದು, ಒಳ್ಳೆಯ ಸಾಧನ ಕೊಟ್ಟರೂ ನೂರರಲ್ಲಿ ಸುಮಾರು ತೊಂಬತ್ತು ಜನ ಆ ಒಂದು ಪ್ರಯತ್ನದಲ್ಲಿ ಸೋಲುತ್ತಾರೆ. ಸಿಗರೇಟಿನ ಹಿಡಿತ ಅಷ್ಟು ಬಿಗಿ. ಆದರೂ ಲಕ್ಷಾಂತರ ಜನರ ನಡುವೆ ನೂರಕ್ಕೆ ಮೂರು ನಾಲ್ಕು ಎಂದರೆ ಉಳಿಯುವ ಜೀವಗಳು ಸಾವಿರಾರು.

ಪ್ರಯೋಗದಲ್ಲಿ ಕಂಡದ್ದು ಇಡೀ ದೇಶದಲ್ಲೂ ಕಾಣಬೇಕೆಂದಿಲ್ಲ. ಬ್ರಿಟನ್ನಿನಲ್ಲಿ ವಯಸ್ಕ ಧೂಮಪಾನಿಗಳ ಪ್ರಮಾಣ 2011ರಲ್ಲಿ ಶೇ 20.2 ಇತ್ತು, 2023ಕ್ಕೆ ಶೇ 11.9ಕ್ಕೆ ಇಳಿಯಿತು. ನ್ಯೂಜಿಲೆಂಡಿನಲ್ಲಿ ದಿನನಿತ್ಯ ಸೇದುವವರು 2011–12ರಲ್ಲಿ ಶೇ 16.4 ಇದ್ದವರು 2023–24ಕ್ಕೆ ಶೇ 6.9ಕ್ಕೆ ಬಂದರು; ಅದೇ ಹೊತ್ತಿಗೆ ದಿನನಿತ್ಯ ವೇಪ್ ಸೇದುವವರು ಶೇ 11.1 ಆಗಿದ್ದರು. ಅಮೆರಿಕದಲ್ಲಿ 2005ರ ಶೇ 20.9 ಎಂಬುದು 2022ರಲ್ಲಿ ಶೇ 11.6. ಇದೆಲ್ಲ ವೇಪಿಂಗ್‌ನ ಕೊಡುಗೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದೇ ವರ್ಷಗಳಲ್ಲಿ ನ್ಯೂಜಿಲೆಂಡ್ ತಂಬಾಕಿನ ತೆರಿಗೆಯನ್ನು ವರ್ಷ ವರ್ಷವೂ ಏರಿಸಿತು, ಬ್ರಿಟನ್ ಪೊಟ್ಟಣದ ಬಣ್ಣ, ಚಿಹ್ನೆಗಳನ್ನೆಲ್ಲ ತೆಗೆಸಿತು. ಆಸ್ಟ್ರೇಲಿಯ ನಿಕೋಟಿನ್ ವೇಪನ್ನು ವೈದ್ಯರ ಚೀಟಿಗೆ ಕಟ್ಟಿಹಾಕಿದ್ದಾಗಲೂ ಅಲ್ಲಿ ದಿನನಿತ್ಯ ಸೇದುವವರು 2019ರ ಶೇ 11ರಿಂದ 2022–23ಕ್ಕೆ ಶೇ 8.3ಕ್ಕೆ ಇಳಿದರು. ಹಾಗೆಂದು ಅಲ್ಲಿ ವೇಪ್ ಇರಲಿಲ್ಲವೆಂದಲ್ಲ, ಕಳ್ಳಮಾರುಕಟ್ಟೆಯಲ್ಲಿ ಧಾರಾಳವಾಗಿತ್ತು. ಒಟ್ಟಿನಲ್ಲಿ ಎರಡು ಗೆರೆ ಒಂದೇ ಕಾಗದದ ಮೇಲೆ ಒಂದು ಏರಿ ಒಂದು ಇಳಿದ ಮಾತ್ರಕ್ಕೆ ಒಂದು ಇನ್ನೊಂದನ್ನು ಇಳಿಸಿತು ಎನ್ನಲಾಗದು.

ಹೆಚ್ಚು ನಂಬಬಹುದಾದ ದಾರಿ ಎಂದರೆ ಮೂರು ಮೂರು ತಿಂಗಳ ಬದಲಾವಣೆಯನ್ನು ತೆರಿಗೆ, ಕಾನೂನುಗಳ ಪ್ರಭಾವ ಕಳೆದು ನೋಡುವುದು. ಇಂಗ್ಲೆಂಡಿನ ಸಂಶೋಧಕರು ಹೀಗೆ ಲೆಕ್ಕ ಹಾಕಿ, 2017ರ ಒಂದೇ ವರ್ಷದಲ್ಲಿ ವೇಪಿನಿಂದ ಸುಮಾರು 50,000ದಿಂದ 70,000 ಜನ ಹೆಚ್ಚುವರಿಯಾಗಿ ಧೂಮಪಾನ ಬಿಟ್ಟಿರಬೇಕು ಎಂದು ಅಂದಾಜಿಸಿದರು. ದೇಶದ ಗೆರೆಯನ್ನು ಒಂದೇ ಏಟಿಗೆ ಕೆಳಗೆ ತಳ್ಳುವ ಸಂಖ್ಯೆ ಇದಲ್ಲ, ಆದರೆ ಸಣ್ಣದೂ ಅಲ್ಲ. ನಲವತ್ತರ ಹೊತ್ತಿಗೆ ಸಿಗರೇಟು ಬಿಟ್ಟವರಿಗೆ ಸರಾಸರಿ ಒಂಬತ್ತು ವರ್ಷದ ಆಯುಸ್ಸು ಮರಳಿ ಸಿಗುತ್ತದೆ ಎಂದು ಬ್ರಿಟಿಷ್ ವೈದ್ಯರನ್ನು ಐವತ್ತು ವರ್ಷ ಹಿಂಬಾಲಿಸಿದ ರಿಚರ್ಡ್ ಡಾಲ್ ಅವರ ಅಧ್ಯಯನ 2004ರಲ್ಲಿ ತೋರಿಸಿತ್ತು. ಆ ವರ್ಷಗಳನ್ನು ಈ ಸಾವಿರಗಳಿಗೆ ಗುಣಿಸಿ ನೋಡಿ.

ಈಗ ಹಾಳೆಯ ಇನ್ನೊಂದು ಬದಿ. ಅಮೆರಿಕದ ಪ್ರೌಢಶಾಲೆಯ ಮಕ್ಕಳಲ್ಲಿ ವೇಪ್ ಬಳಕೆ 2019ರಲ್ಲಿ ಶೇ 27.5 ಮುಟ್ಟಿತು. ಇದರ ಹಿಂದೆ ಒಂದು ರಾಸಾಯನಿಕ ಉಪಾಯವಿತ್ತು. ಮಾಮೂಲಿ ನಿಕೋಟಿನ್ ಕ್ಷಾರೀಯವಾದ್ದರಿಂದ ಹೆಚ್ಚು ಪ್ರಮಾಣದಲ್ಲಿ ಎಳೆದರೆ ಗಂಟಲು ಉರಿಯುತ್ತದೆ. ಬೆಂಜೋಯಿಕ್ ಆಮ್ಲ ಸೇರಿಸಿ ಅದನ್ನು ಲವಣವಾಗಿಸಿದರೆ ಉರಿ ತಗ್ಗುತ್ತದೆ, ನಿಕೋಟಿನ್ ಎಷ್ಟು ಬೇಕಾದರೂ ಒಳಗೆ ಹೋಗುತ್ತದೆ. 2015ರಲ್ಲಿ ಬಂದ ಜೂಲ್ ಎಂಬ ಅಮೆರಿಕದ ವೇಪಿನ ಪಾಡಿನಲ್ಲಿ ಮಿಲಿಲೀಟರಿಗೆ 59 ಮಿಲಿಗ್ರಾಂ ನಿಕೋಟಿನ್ ಇತ್ತು. ಯುರೋಪಿನ ಒಕ್ಕೂಟದ ಮಿತಿ 20 ಮಾತ್ರ. ಸಿಗರೇಟು ಮುಟ್ಟದ ಮಗು ಇದನ್ನು ಹಿಡಿದರೆ ಕೂಡುವ ಲೆಕ್ಕ ಯಾವುದೂ ಇಲ್ಲ, ಬರೀ ಕಳೆಯುವುದೇ. ಬೆಳೆಯುತ್ತಿರುವ ಮೆದುಳಿಗೆ ಚಟ ಬೇಗ ಅಂಟುತ್ತದೆ, ಬಿಡುವುದು ಕಷ್ಟವಾಗುತ್ತದೆ. ಅದಷ್ಟೇ ಸಾಕು ಇದನ್ನು ತಡೆಯಲು. ಬೇರೆ ಕಾರಣ ಹುಡುಕಬೇಕಿಲ್ಲ.

ವೇಪಿನಿಂದ ಆ ಮಕ್ಕಳು ಸಿಗರೇಟಿಗೆ ಹೋಗುತ್ತಾರೆಯೇ ಎಂಬುದು ಬೇರೆ ಪ್ರಶ್ನೆ. ವೇಪ್ ರುಚಿ ನೋಡಿದ ಮಕ್ಕಳು ಮುಂದೆ ಸಿಗರೇಟು ಹಚ್ಚುವ ಸಂಭವ ಹೆಚ್ಚು ಎಂದು ಹಲವು ಅಧ್ಯಯನಗಳು ಒಮ್ಮತದಿಂದ ತೋರಿಸಿವೆ. ಆದರೆ ಒಂದನ್ನು ಹಿಡಿಯುವ ಸ್ವಭಾವ, ಮನೆ, ಗೆಳೆಯರ ಬಳಗ ಇರುವ ಮಗುವೇ ಇನ್ನೊಂದನ್ನೂ ಹಿಡಿಯುವ ಮಗು ಆಗಿರಬಹುದಲ್ಲ? ಇಡೀ ಗುಂಪನ್ನು ನೋಡಿದರೆ ಅಮೆರಿಕದ ಪ್ರೌಢಶಾಲೆಗಳಲ್ಲಿ ಸಿಗರೇಟು 2011ರ ಶೇ 15.8ರಿಂದ 2019ಕ್ಕೆ ಶೇ 5.8ಕ್ಕೆ, 2024ಕ್ಕೆ ಶೇ 1.7ಕ್ಕೆ ಬಿತ್ತು. ವೇಪ್ ಬಳಕೆಯೂ 2024ಕ್ಕೆ ಶೇ 7.8ಕ್ಕೆ ಇಳಿಯಿತು. ಕೆಲವು ಮಕ್ಕಳಿಗೆ ಅದು ಸಿಗರೇಟಿನತ್ತ ಮೆಟ್ಟಿಲಾಗಿರಬಹುದು, ಇನ್ನು ಕೆಲವರನ್ನು ಸಿಗರೇಟಿನಿಂದ ಆಚೆ ಸರಿಸಿರಬಹುದು. ಎರಡನೆಯದು ಮೊದಲನೆಯದಕ್ಕಿಂತ ಸಣ್ಣದಲ್ಲದಿರಬಹುದು ಎಂದು ಈ ಅಂಕಿಗಳು ಸೂಚಿಸುತ್ತವೆ, ಸಾಬೀತು ಮಾಡುವುದಿಲ್ಲ. ಬ್ರಿಟನ್ನಿನಲ್ಲಿ ಬಳಸಿ ಬಿಸಾಡುವ ವೇಪ್‌ಗಳು 2021ರ ನಂತರ ಎಲ್ಲೆಡೆ ಹರಡಿದಾಗ, ನಿಯಮಿತವಾಗಿ ಎಂದೂ ಸಿಗರೇಟು ಸೇದಿರದ ಹರೆಯದವರಲ್ಲಿ ಬಳಕೆ ಥಟ್ಟನೆ ಏರಿತು. 2025ರ ಜೂನ್ 1ರಿಂದ ಅಲ್ಲಿ ಅವುಗಳ ಮಾರಾಟ ನಿಂತಿದೆ.

ನೀತಿ ಮಾಡುವವರಿಗೆ ಇಲ್ಲೊಂದು ತೊಡಕಿದೆ. ಸಿಗರೇಟು ಮತ್ತು ವೇಪ್ ತಕ್ಕಡಿಯ ಎರಡು ತಟ್ಟೆಗಳಿದ್ದಂತೆ. ಅಮೆರಿಕದ ಮಿನೆಸೋಟ ವೇಪಿನ ಮೇಲೆ ಸಗಟು ಬೆಲೆಯ ಶೇ 95ರಷ್ಟು ತೆರಿಗೆ ಹಾಕಿತು. ಅದರಿಂದಾಗಿ ಅಲ್ಲಿ ಸಿಗರೇಟು ಬಿಡಬಹುದಾಗಿದ್ದ ಎಷ್ಟೋ ವಯಸ್ಕರು ಬಿಡಲಿಲ್ಲ ಎಂದು ನಂತರದ ವಿಶ್ಲೇಷಣೆ ತೋರಿಸಿತು. ವೇಪಿನ ಮೇಲೆ ತೆರಿಗೆ ಹಾಕಲಿ, ಆದರೆ ಸಿಗರೇಟಿನ ತೆರಿಗೆ ಅದಕ್ಕಿಂತ ಬಹಳ ಮೇಲಿರಲಿ. ಮಕ್ಕಳ ಕಣ್ಸೆಳೆಯುವ ಚಿತ್ರ, ಹೆಸರು, ಜಾಹೀರಾತುಗಳನ್ನು ಮುಲಾಜಿಲ್ಲದೆ ಕಿತ್ತುಹಾಕಲಿ. ಭಾರತ 2019ರಲ್ಲಿ ಕಾಯ್ದೆ ಮಾಡಿ ತಯಾರಿಕೆ, ಆಮದು, ಮಾರಾಟ, ಸಂಗ್ರಹ ಎಲ್ಲವನ್ನೂ ನಿಷೇಧಿಸಿತು. ಯಾವ ದೇಶ ಯಾವ ದಾರಿ ಹಿಡಿದರೂ ಅಳೆಯಬೇಕಾದ್ದು ಒಂದೇ, ಉರಿಸುವ ತಂಬಾಕು ಎಷ್ಟು ಕಡಿಮೆಯಾಯಿತು.

ಜನರ ನಂಬಿಕೆಯೂ ಧೂಮಪಾನದ ಪ್ರಮಾಣವನ್ನು ಏರಿಳಿಸುತ್ತದೆ. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರ ಶ್ವಾಸಕೋಶ ಹಠಾತ್ತನೆ ಕೆಟ್ಟು, 2020ರ ಫೆಬ್ರವರಿಯ ಹೊತ್ತಿಗೆ 2,807 ಪ್ರಕರಣಗಳು, 68 ಸಾವುಗಳು ದಾಖಲಾದವು. ಮುಖ್ಯ ಕಾರಣ ಗಾಂಜಾದ ಅಂಶವಿದ್ದ ಕಳ್ಳಮಾಲಿಗೆ ಕಲಬೆರಕೆಯಾಗಿ ಸೇರಿಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆ. ಆದರೆ ಜನರ ಮನಸ್ಸಿನಲ್ಲಿ ಉಳಿದದ್ದು ವೇಪ್ ಸಿಗರೇಟಿಗಿಂತ ಅಪಾಯ ಎಂಬ ಮಾತು. ಹಾಗೆಂದು ನಂಬಿದ ಧೂಮಪಾನಿ ಸಿಗರೇಟಿನಲ್ಲೇ ಉಳಿಯುತ್ತಾರೆ, ಅದರಿಂದಲೇ ಸಾಯುತ್ತಾರೆ. ಇದು ನಮಗೆ ಬಹಳ ನೋವು ಕೊಡುವ ಸಂಗತಿ.

ವೇಪ್ ಕಾನೂನುಬದ್ಧವಾಗಿರುವ ಕಡೆ ಸಿಗರೇಟಿನಿಂದ ಹೊರಬರಲು ಬಳಸುವವರಿಗೆ ಕೆಲವು ನೇರ ಮಾತು. ದಿನಕ್ಕೆ 20ರ ಆಸುಪಾಸು ಸೇದುವವರು ಮಿಲಿಲೀಟರಿಗೆ 18ರಿಂದ 20 ಮಿಲಿಗ್ರಾಂನಿಂದ ಶುರುಮಾಡಲಿ, ಹತ್ತಕ್ಕಿಂತ ಕಡಿಮೆ ಸೇದುವವರಿಗೆ 10ರಿಂದ 12 ಸಾಕಾಗಬಹುದು. ಕಾಯಿಲ್‌ನ ರೋಧ 1 ಓಮ್‌ಗಿಂತ ಕಡಿಮೆಯಿರದ, ಸಿಗರೇಟಿನಂತೆ ಮೊದಲು ಬಾಯಿಗೆ ಎಳೆದು ಆಮೇಲೆ ಒಳಗೆ ತೆಗೆದುಕೊಳ್ಳುವ ಬಗೆಯ ಸಾಧನ ಇರಲಿ. ದಟ್ಟ ಮಂಜು ಉಗುಳುವ ದೊಡ್ಡ ಸಾಧನದಲ್ಲಿ ಈ 20ರ ದ್ರವ ಹಾಕಿದರೆ ತಲೆಸುತ್ತು, ವಾಕರಿಕೆ ಖಂಡಿತ. ಹೊಸ ಕಾಯಿಲ್ ಹಾಕಿ ದ್ರವ ತುಂಬಿದ ಮೇಲೆ ಹತ್ತಿ ನೆನೆಯಲು ಹತ್ತು ನಿಮಿಷ ಬಿಡಬೇಕು. ಈ ಹತ್ತು ನಿಮಿಷ ಕಾಯದೆ ಮೊದಲ ದಮ್ಮಿನಲ್ಲೇ ಕಾಯಿಲ್ ಸುಟ್ಟುಕೊಂಡು, ಇದು ನನಗಲ್ಲ ಎಂದು ಸಿಗರೇಟಿಗೆ ಮರಳುವವರು ಬಹಳ. ದಮ್ಮು ನಿಧಾನವಾಗಿ ಮೂರು ನಾಲ್ಕು ಸೆಕೆಂಡು. ಸಿಗರೇಟಿನಂತೆ ಗಬಕ್ಕನೆ ಎಳೆದರೆ ಕೆಮ್ಮು ಬರುತ್ತದೆ, ನಿಕೋಟಿನ್ ಬರುವುದಿಲ್ಲ. ಒಂದೆರಡು ವಾರಕ್ಕೆ ರುಚಿ ಕಂದಿದರೆ ಕಾಯಿಲ್ ಬದಲಿಸಬೇಕು. 20ರ ದ್ರವದ 10 ಮಿಲಿಲೀಟರ್ ಬಾಟಲಿಯಲ್ಲಿ 200 ಮಿಲಿಗ್ರಾಂ ನಿಕೋಟಿನ್ ಇರುತ್ತದೆ. ಚಿಕ್ಕ ಮಗು ಕುಡಿದರೆ ಪ್ರಾಣಕ್ಕೆ ಅಪಾಯ, ಬೀಗದ ಒಳಗಿಡಿ. ಬಿಡಿ ಬ್ಯಾಟರಿಯನ್ನು ಕೀಲಿಕೈ, ಚಿಲ್ಲರೆ ಇರುವ ಜೇಬಿಗೆ ಹಾಕಬೇಡಿ, ಶಾರ್ಟ್ ಆಗಿ ಹೊತ್ತಿಕೊಳ್ಳುತ್ತದೆ.

ಸಿಗರೇಟು ನಿಲ್ಲಿಸುವ ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಬೆಳಗ್ಗೆ ಎದ್ದ ಕೂಡಲೇ ಹಚ್ಚುವ ಮೊದಲ ಸಿಗರೇಟನ್ನೇ ಮೊದಲು ಬದಲಿಸಿ. ರಾತ್ರಿಯೆಲ್ಲ ನಿಕೋಟಿನ್ ಇಳಿದಿರುವುದರಿಂದ ಅದೇ ಎಲ್ಲಕ್ಕಿಂತ ಗಟ್ಟಿ. ಅದನ್ನು ಗೆದ್ದರೆ ಉಳಿದವು ಸಡಿಲವಾಗುತ್ತವೆ. ವೇಪ್ ಸಾಲದೆನಿಸಿದರೆ ಜೊತೆಗೆ ನಿಕೋಟಿನ್ ಪಟ್ಟಿ ಹಚ್ಚಬಹುದು. ವೇಪ್ ಬೇಡ ಎನ್ನುವವರಿಗೆ ವರೆನಿಕ್ಲಿನ್, ಸೈಟಿಸಿನ್ ಎಂಬ ಮಾತ್ರೆಗಳಿವೆ, ಫಲದಲ್ಲಿ ಅವು ವೇಪಿಗೆ ಸರಿಸಮ. ಸಿಗರೇಟು ಪೂರ್ತಿ ನಿಂತು ಕೆಲವು ತಿಂಗಳಾದ ಮೇಲೆ ನಿಕೋಟಿನ್ನನ್ನು 20ರಿಂದ 12ಕ್ಕೆ, 6ಕ್ಕೆ, 3ಕ್ಕೆ ಇಳಿಸುತ್ತ ಬನ್ನಿ. ಇಳಿಸಿದಾಗ ಸಿಗರೇಟಿನ ಆಸೆ ಮರುಕಳಿಸಿದರೆ ನಾಚಿಕೆಪಡದೆ ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ.

ಕೊನೆಯಲ್ಲಿ, ಈ ವಿಷಯದ ಸಭೆಗಳಲ್ಲಿ ಕೇಳಿಬರುವ ಎರಡು ಪ್ರಶ್ನೆ. ಒಂದು, ಗರ್ಭಿಣಿಯರು ವೇಪ್ ಸೇದಬಹುದೇ ಎಂಬುದು. ನಿಕೋಟಿನ್ ಇಲ್ಲದಿರುವುದೇ ಎಲ್ಲಕ್ಕಿಂತ ಒಳ್ಳೆಯದು. ಬಿಡಲಾಗದೆ ಸೇದುತ್ತಿರುವ ಗರ್ಭಿಣಿಯರಲ್ಲಿ ವೇಪ್ ಮತ್ತು ಪಟ್ಟಿಯನ್ನು ಹೋಲಿಸಿದ ದೊಡ್ಡ ಪ್ರಯೋಗವೊಂದು 2022ರಲ್ಲಿ ಪ್ರಕಟವಾಯಿತು; ವೇಪ್ ಗುಂಪಿನಲ್ಲಿ ಕಡಿಮೆ ತೂಕದ ಶಿಶುಗಳು ಕಡಿಮೆಯಿದ್ದವು. ನಿರ್ಧಾರ ವೈದ್ಯರ ಜೊತೆ ಕೂತು ಆಗಬೇಕು.

ಇನ್ನೊಂದು, ಸಿಗರೇಟು ಬಿಟ್ಟ ಮೇಲೆ ತಾವು ತೆಗೆದುಕೊಳ್ಳುತ್ತಿರುವ ಮಾತ್ರೆಗಳಲ್ಲಿ ಏನಾದರೂ ಬದಲಿಸಬೇಕೇ ಎಂಬುದು. ಕೆಲವಕ್ಕೆ ಬೇಕು. ಹೊಗೆಯಲ್ಲಿರುವ ಕೆಲವು ವಸ್ತುಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿರುತ್ತವೆ, ಆಗ ಮನೋರೋಗಕ್ಕೆ ಕೊಡುವ ಕ್ಲೋಜಪಿನ್, ಓಲಾಂಜಪಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್‌ನಂಥ ಔಷಧಗಳು ಬೇಗ ಕರಗಿಹೋಗುತ್ತವೆ. ಇದು ನಿಕೋಟಿನ್‌ನ ಕೆಲಸವಲ್ಲ, ಹೊಗೆಯದು. ಹಾಗಾಗಿ ವೇಪಿಗೆ ಬಂದರೂ ಪಟ್ಟಿ ಹಚ್ಚಿದರೂ ಆ ಕಿಣ್ವ ಕೆಲವೇ ದಿನಗಳಲ್ಲಿ ತಣ್ಣಗಾಗುತ್ತದೆ, ಅದೇ ಪ್ರಮಾಣದ ಮಾತ್ರೆ ರಕ್ತದಲ್ಲಿ ಏರಿ ವಿಷವಾಗಬಹುದು. ಈ ಔಷಧಗಳಲ್ಲಿರುವವರು ಸಿಗರೇಟು ನಿಲ್ಲಿಸುವ ದಿನವನ್ನು ವೈದ್ಯರಿಗೆ ಮುಂಚೆಯೇ ತಿಳಿಸಿ, ಪ್ರಮಾಣ ಇಳಿಸುವ ಮಾತು ಆಡಿಯೇ ಶುರುಮಾಡಬೇಕು. ಕಾಫಿಯನ್ನೂ ಅದೇ ಕಿಣ್ವ ಅರಗಿಸುತ್ತದೆ. ಬಿಟ್ಟ ಮೊದಲ ವಾರ ಕೈ ನಡುಗಿ ನಿದ್ದೆ ಬಾರದಿದ್ದರೆ ಕಾಫಿಯನ್ನು ಅರ್ಧಕ್ಕೆ ಇಳಿಸಿ ನೋಡಿ.